ಮೂರನೇ ಗೇರ್‌ನಾಗ ಕುಂಯ್, ನಾಲ್ಕನೇದ್ರಾಗ ಗಪ್: ಹಳೇ ಗಾಡಿ ಗೇರ್ ಬಾಕ್ಸ್ ಬಿಚ್ಚೋಕಿಂತ ಮೊದ್ಲು

ಪ್ರಶ್ನೆ: ನಮಸ್ಕಾರ ಮಿಸ್ತ್ರಿಯವರ. ನಾವು ಕಾರಟಗಿ ಹತ್ರದವ್ರು. ಹೋದ್ವರ್ಷ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತಗೊಂಡೆ, 2007ರ ಮಾಡೆಲ್, ಐದು ಗೇರು, ಹಿಂದಿನ ಗಾಲಿಗೆ ಡ್ರೈವ್, ಮೀಟರ್ 2 ಲಕ್ಷ 10 ಸಾವಿರ ತೋರಿಸ್ತೈತಿ. ಎರಡು ತಿಂಗಳಿಂದ ಕುಂಯ್ ಅಂತ ಸಪ್ಪಳ ಹಿಡದೈತಿ. ಎರಡು, ಮೂರು, ಐದನೇ ಗೇರ್‌ನಾಗ ಜೋರು, ನಾಲ್ಕಕ್ಕ ಹಾಕಿದ್ರ ಹೆಚ್ಚು ಕಡಿಮಿ ಗಪ್ ಆಗ್ತೈತಿ. ನಿಂತಲ್ಲೇ ನ್ಯೂಟ್ರಲ್‌ನಾಗ ಇಟ್ರೂ ಸಣ್ಣಗ ಬರ್ತೈತಿ, ಕ್ಲಚ್ ತುಳಿದ್ರ ಹೋಗ್ತೈತಿ. ಒಬ್ಬ ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಅಂದ, ಇನ್ನೊಬ್ಬ ಪೂರಾ ಗೇರ್ ಬಾಕ್ಸ್ ಬದ್ಲಿ ಮಾಡ್ರಿ ಅಂದ, ನಮ್ಮ ಮಾವ ದಪ್ಪ ಎಣ್ಣಿ ಹಾಕು ಸುಮ್ಮನಾಗ್ತೈತಿ ಅಂತಾನ. ಯಾರ ಮಾತು ಕೇಳ್ಲಿ? ಹಿಂಗ ಎಷ್ಟು ದಿನ ಓಡಿಸಬಹುದು?

ಉತ್ತರ: ಮೊದ್ಲ ಒಂದು ಮಾತು ಹೇಳ್ತೀನ್ರಿ, ಅರ್ಧ ಕೆಲಸ ನೀವ ಮುಗಿಸೀರಿ. ನಮ್ಮ ಶೆಡ್ಡಿಗೆ ಬರೋ ಹತ್ತು ಮಂದ್ಯಾಗ ಎಂಟು ಮಂದಿ "ಏನೋ ಸಪ್ಪಳ ಬರ್ತೈತಿ ನೋಡ್ರಿ" ಅಂತ ಅಷ್ಟ ಹೇಳಿ ಚಾವಿ ಕೈಯಾಗ ಕೊಟ್ಟು ಚಾ ಕುಡ್ಯಾಕ ಹೋಗಿಬಿಡ್ತಾರ. ನೀವು ಯಾವ ಗೇರ್‌ನಾಗ ಬರ್ತೈತಿ, ಯಾವದ್ರಾಗ ಇಲ್ಲ, ಕ್ಲಚ್ ತುಳಿದ್ರ ಏನಾಗ್ತೈತಿ ಅಂತ ನೋಡಿ ಬರದೀರಿ, ಅದರಾಗ ಉತ್ತರ ಐತಿ. ಕ್ಲಚ್ ಪ್ಲೇಟ್ ಅಲ್ಲ. ಪೂರಾ ಗೇರ್ ಬಾಕ್ಸ್ ಬದ್ಲಿ ಮಾಡೋ ಮಾತು ಈಗ ಬ್ಯಾಡ. ಮಾವನ ಎಣ್ಣಿ ವಿಚಾರ ಅರ್ಧ ಖರೇ ಅರ್ಧ ತಪ್ಪು, ಅದನ್ನ ಮುಂದ ಹೇಳ್ತೀನಿ. ನೀವು ಹೇಳಿದ ಲಕ್ಷಣಕ್ಕ ನನ್ನ ಬೆರಳು ಹೋಗೋದು ಕ್ಲಚ್ ಶಾಫ್ಟ್ ಬೇರಿಂಗ್ ಇಲ್ಲಾ ಲೇ ಶಾಫ್ಟ್ ಬೇರಿಂಗ್ ಮ್ಯಾಲೆ, ಅದಕ್ಕೂ ಮೊದ್ಲು ಎಣ್ಣಿ ಎಷ್ಟೈತಿ ಅನ್ನೋದ್ರ ಮ್ಯಾಲೆ.

ಯಾಕಂದ್ರ ಹಿಂದಿನ ಗಾಲಿ ಡ್ರೈವ್ ಇರೋ ಇಂಥ ಗಾಡಿ ಗೇರ್ ಬಾಕ್ಸ್‌ನಾಗ ಮೂರು ಶಾಫ್ಟ್ ಇರ್ತಾವ. ಎಂಜಿನ್ ಕಡಿಯಿಂದ ಒಳಗ ಬರೋದು ಕ್ಲಚ್ ಶಾಫ್ಟ್, ಅದರ ನೇರಕ್ಕ ಹಿಂದ ಹೋಗೋದು ಮೇನ್ ಶಾಫ್ಟ್, ಇವೆರಡರ ಕೆಳಗ ಎಣ್ಣ್ಯಾಗ ಮುಳುಗಿಕೊಂಡು ತಿರುಗೋದು ಲೇ ಶಾಫ್ಟ್. ಒಂದು, ಎರಡು, ಮೂರು, ಐದು, ಯಾವ ಗೇರ್ ಹಾಕಿದ್ರೂ ಜೋರೆಲ್ಲ ಕ್ಲಚ್ ಶಾಫ್ಟ್‌ನಿಂದ ಕೆಳಗ ಲೇ ಶಾಫ್ಟಿಗೆ ಇಳದು ಅಲ್ಲಿಂದ ಹೊಳ್ಳಿ ಮೇನ್ ಶಾಫ್ಟಿಗೆ ಏರಬೇಕು. ನಾಲ್ಕನೇ ಗೇರ್ ಮಾತ್ರ ಹಂಗಲ್ಲ, ಕ್ಲಚ್ ಶಾಫ್ಟು ಮೇನ್ ಶಾಫ್ಟು ಎರಡನ್ನೂ ನೇರ ಜೋಡಿಸಿಬಿಡ್ತೈತಿ, ಊರೊಳಗ ಹೊಕ್ಕು ಸಂತಿ ದಾಟಿ ಹೋಗೋದು ಬಿಟ್ಟು ಬೈಪಾಸ್ ಹಿಡದಂಗ. ಆಗ ಲೇ ಶಾಫ್ಟ್ ತಿರುಗ್ತಿರ್ತೈತಿ ಖರೇ, ಆದ್ರ ಅದರ ಮ್ಯಾಲೆ ಭಾರ ಇರಂಗಿಲ್ಲ. ಭಾರ ಇಲ್ಲದಾಗ ಸಪ್ಪಳ ಕಡಿಮಿ ಆಯ್ತಂದ್ರ ರೋಗ ಊರೊಳಗಿನ ದಾರ್‍ಯಾಗ ಐತಿ ಅಂತ ಅರ್ಥ. ಈ ಲೆಕ್ಕ ಮುಂದಿನ ಗಾಲಿ ಡ್ರೈವ್ ಇರೋ ಸಣ್ಣ ಕಾರಿಗೆ ನಡಿಯಂಗಿಲ್ಲ, ಅವಕ್ಕ ಹಿಂಗ ನೇರ ಜೋಡಿಸೋ ಗೇರ್ ಇರಂಗಿಲ್ಲ. ಪಕ್ಕದ ಮನಿಯವ್ರ ಕಾರಿಗೆ ಇದ ಟೆಸ್ಟ್ ಮಾಡಾಕ ಹೋಗ್ಬ್ಯಾಡ್ರಿ.

ಈಗ ಕ್ಲಚ್ ವಿಚಾರ. ನ್ಯೂಟ್ರಲ್‌ನಾಗ ಕಾಲು ಬಿಟ್ಟು ನಿಂತಾಗ ಎಂಜಿನ್ ಜೊತಿ ಕ್ಲಚ್ ಶಾಫ್ಟೂ ಲೇ ಶಾಫ್ಟೂ ಸುತ್ತತಿರ್ತಾವ, ಪೆಡಲ್ ತುಳಿದ್ರ ಎರಡೂ ನಿಲ್ತಾವ. ಸಪ್ಪಳನೂ ನಿಂತ್ರ ಅದು ಅವೆರಡರದ್ದ. ಉಲ್ಟಾ, ಕಾಲು ಬಿಟ್ಟಾಗ ಏನೂ ಇಲ್ಲ, ಪೆಡಲ್ ಮ್ಯಾಲೆ ಕಾಲಿಟ್ಟ ಕೂಡ್ಲೆ ಕಿರ್ ಅಂತ ಶುರು ಆಗ್ತೈತಿ ಅಂದ್ರ ಅದು ಪೆಡಲ್ ತುಳಿದಾಗ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್, ಇಲ್ಲಾ ಎಂಜಿನ್ ಹಿಂದಿನ ಭಾರದ ಚಕ್ರ ಫ್ಲೈವ್ಹೀಲ್ ನಡುವಿರೋ ಪೈಲಟ್ ಬೇರಿಂಗ್, ಗೇರ್ ಬಾಕ್ಸ್ ಇಳಿಸಬೇಕಾಗ್ತೈತಿ ಖರೇ, ಅದರ ಒಳಗ ಬಿಚ್ಚೋ ಕೆಲಸ ಅಲ್ಲ. ಕ್ಲಚ್ ಪ್ಲೇಟ್ ಸವದ್ರ ಗಾಡಿ ಏರು ಹತ್ತಂಗಿಲ್ಲ, ಎಂಜಿನ್ ಕೂಗ್ತೈತಿ ಗಾಡಿ ಮುಂದ ಹೋಗಂಗಿಲ್ಲ, ಸುಟ್ಟ ವಾಸನಿ ಬರ್ತೈತಿ, ಅದು ಕುಂಯ್ ಅನ್ನಂಗಿಲ್ಲ. ನಿಮಗ ಕ್ಲಚ್ ಪ್ಲೇಟ್ ಅಂದವ ಪ್ಲೇಟಿಗೂ ರಿಲೀಸ್ ಬೇರಿಂಗಿಗೂ ಒಂದ ಹೆಸರು ಇಟ್ಟಾನ ಅನ್ನಸ್ತೈತಿ, ಅದಾದ್ರೂ ನಿಮ್ಮ ಗಾಡಿಗೆ ಹೊಂದಂಗಿಲ್ಲ. ಇನ್ನೊಂದು, ಹಳೇ ಡೀಸೆಲ್ ಎಂಜಿನ್ ನಿಧಾನಕ್ಕ ನಡಿಯೋವಾಗ ನ್ಯೂಟ್ರಲ್‌ನಾಗ ಒಳಗಿನಿಂದ ಸಣ್ಣಗ ಗಡಗಡ ಬರೋದು ಸಹಜ, ಗೇರಿನ ಹಲ್ಲು ಸಡ್ಲಾಗಿ ಒಂದಕ್ಕೊಂದು ಬಡಿಯೋದು ಅದು, ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ರ ಹೋಗ್ತೈತಿ. ಕುಂಯ್ ಅನ್ನೋದು ಎಂಜಿನ್ ಜೋರಾದಂಗ ತಾನೂ ಮ್ಯಾಲೆ ಏರ್ತೈತಿ.

ಸಪ್ಪಳದ ಜಾತಿನೂ ಕಿವಿಗೆ ಗೊತ್ತಾಗ್ಬೇಕ್ರಿ. ಶಾಫ್ಟ್ ನಿಮಿಷಕ್ಕ 1500 ಸುತ್ತು ತಿರುಗಿದ್ರ ಸೆಕೆಂಡಿಗೆ 25 ಸುತ್ತು ಆಯ್ತು, ಅದರ ಗೇರಿಗೆ 20 ಹಲ್ಲು ಇದ್ರ ಸೆಕೆಂಡಿಗೆ 500 ಸಲ ಹಲ್ಲಿಗೆ ಹಲ್ಲು ತಾಗ್ತೈತಿ, ಅದ ಒಂದ ಶ್ರುತ್ಯಾಗ ಪೀಪಿ ಊದಿದಂಗ ಕೇಳ್ತೈತಿ. ಬೇರಿಂಗ್ ಹಾಳಾದಾಗ ಗುಂಡಿನ ದಾರ್‍ಯಾಗ ತೂತು ಬಿದ್ದಿರ್ತಾವ, ಆಗ ಶ್ರುತಿ ಇರಂಗಿಲ್ಲ, ಜ್ವಾಳದ ಗಿರಣ್ಯಾಗ ಕಲ್ಲು ಹೊಕ್ಕಂಗ ಗರ್ ಅಂತೈತಿ. ಕಷ್ಟ ಏನಂದ್ರ ಬೇರಿಂಗ್ ಸಡ್ಲಾದ್ರ ಶಾಫ್ಟ್ ಸರೀತೈತಿ, ಶಾಫ್ಟ್ ಸರದ್ರ ಹಲ್ಲುಗಳು ಸರಿಯಾಗಿ ಕೂಡಂಗಿಲ್ಲ, ಹಿಂಗಾಗಿ ತಪ್ಪು ಬೇರಿಂಗಿಂದು, ಕೂಗೋದು ಗೇರು. ಒಂದ ಒಂದು ಗೇರ್‌ನಾಗ ಮಾತ್ರ ಕೂಗಿದ್ರ ಆ ಗೇರಿನ ಜೋಡಿ ಹಲ್ಲು ಸವದಾವ ಅನ್ಕೋಬಹುದು. ನಿಮ್ಮದ್ರಾಗ ಎರಡು, ಮೂರು, ಐದು ಮೂರೂ ಗೇರ್ ಕೂಗ್ತಾವ, ಅದಕ್ಕ ಬೇರಿಂಗ್ ಅಂದೆ. ರಿವರ್ಸ್ ಮಾತ್ರ ಬಾಳಷ್ಟು ಹಳೇ ಗಾಡ್ಯಾಗ ಹುಟ್ಟಿದಾಗಿಂದ ಕೂಗ್ತೈತಿ, ಅದರ ಹಲ್ಲು ನೆಟ್ಟಗ ಕೊಯ್ದಿರ್ತಾವ, ಬ್ಯಾರೆ ಗೇರಿನಂಗ ಓರೆ ಇರಂಗಿಲ್ಲ, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ.

ಆದ್ರೂ ಬಿಚ್ಚೋಕಿಂತ ಮೊದ್ಲು ಬ್ಯಾರೆ ಕಳ್ಳರನ್ನ ಹೊರಗ ಹಾಕ್ಬೇಕು. ನಾನು ಬಳ್ಳಾರಿ ಕೌಲ್ ಬಜಾರ್ ಕಡೆ ಕೆಲಸ ಕಲಿಯೋವಾಗ, ಮೈನಿಂಗ್ ಜೋರಿದ್ದ ಕಾಲ, ಒಂದು ಗಾಡಿ ಕುಂಯ್ ಅಂತ ಬಂತು. ಹುಡುಗಾಟದ ಹುರುಪು, ಒಂದ ರೌಂಡು ಹೊಡದು ಗೇರ್ ಬಾಕ್ಸ್ ಅಂದ್ಬಿಟ್ಟೆ. ಇಳಿಸಿ, ಬಿಚ್ಚಿ, ಬೇರಿಂಗ್ ಹಾಕಿ ಏರಿಸಿ ಓಡಿಸಿದ್ರ ಸಪ್ಪಳ ಹಂಗ ಐತಿ! ಹಿಂದಿನ ಆಕ್ಸಲ್‌ನಾಗ ಕ್ರೌನ್ ಪಿನಿಯನ್, ಅಂದ್ರ ಜೋರನ್ನ ಗಾಲಿ ಕಡೆ ತಿರುಗಿಸೋ ಗೇರ್ ಜೋಡಿ, ಸವದಿತ್ತು. ಗುರುಗಳು ಬಯ್ಲಿಲ್ಲ, ಮೂರು ದಿನ ಮಾತಾಡಿಸ್ಲಿಲ್ಲ, ಬೈದಿದ್ರ ಚೊಲೋ ಇತ್ತು. ಹಿಂಗಾಗಿ ಈಗ ಒಂದು ಅಭ್ಯಾಸ ಮಾಡ್ಕೊಂಡೀನಿ: 50-60 ಸ್ಪೀಡಿನಾಗ ಖಾಲಿ ರೋಡಿನ್ಯಾಗ ಆಕ್ಸಿಲರೇಟರ್ ಒತ್ತಿ ನೋಡೋದು, ಬಿಟ್ಟು ನೋಡೋದು, ಆಮ್ಯಾಲೆ ನ್ಯೂಟ್ರಲ್ ಮಾಡಿ ಎಂಜಿನ್ ಚಾಲೂ ಇಟ್ಕೊಂಡ ನಾಲ್ಕೈದು ಸೆಕೆಂಡ್ ಉರುಳಬಿಟ್ಟು ಕೇಳೋದು. ಎಂಜಿನ್ ಬಂದ್ ಮಾಡಿ ಉರುಳಿಸಬ್ಯಾಡ್ರಿ, ಬ್ರೇಕು ಗಟ್ಟಿ ಆಗ್ತೈತಿ, ಪವರ್ ಸ್ಟೀರಿಂಗ್ ಇದ್ರ ಅದೂ ಬಿಗೀತೈತಿ. ನ್ಯೂಟ್ರಲ್‌ನಾಗೂ ಗಾಡಿ ಸ್ಪೀಡಿಗೆ ತಕ್ಕಂಗ ಸಪ್ಪಳ ಬಂದ್ರ ಅದು ಹಿಂದಿನ ಕ್ರೌನ್ ಪಿನಿಯನ್, ಗಾಲಿ ಬೇರಿಂಗ್, ಟಾಯರ್, ಇಲ್ಲಾ ಮೇನ್ ಶಾಫ್ಟಿನ ಹಿಂದಿನ ಬೇರಿಂಗ್. ಆಕ್ಸಿಲರೇಟರ್ ಒತ್ತಿದಾಗೊಂದು ಬಿಟ್ಟಾಗೊಂದು ಶ್ರುತಿ ಆದ್ರ ಕ್ರೌನ್ ಪಿನಿಯನ್ ಮ್ಯಾಲೆ ಸಂಶಯ ಪಡ್ರಿ. ಎಡಕ್ಕ ಬಲಕ್ಕ ಸ್ವಲ್ಪ ವಾಲಿಸಿದ್ರ ಹೆಚ್ಚು ಕಡಿಮಿ ಆದ್ರ ಗಾಲಿ ಬೇರಿಂಗ್. ಹೈವೇ ಡಾಂಬರ್ ಮ್ಯಾಲೆ ಒಂದು, ಸಿಮೆಂಟ್ ರೋಡಿನ ಮ್ಯಾಲೆ ಇನ್ನೊಂದು ಕೇಳಿದ್ರ ಟಾಯರ್. ನಿಂತ ಗಾಡ್ಯಾಗ ಕ್ಲಚ್ ತುಳಿದ್ರೂ ಹೋಗ್ಲಿಲ್ಲಂದ್ರ ಆಲ್ಟರ್ನೇಟರ್, ನೀರಿನ ಪಂಪು, ಬೆಲ್ಟ್ ಕಡೆ ನೋಡ್ರಿ. ಉದ್ದನೆ ಸ್ಕ್ರೂಡ್ರೈವರ್ ತುದಿ ಬಾಡಿಗೆ ಒತ್ತಿ ಹಿಡಿ ಕಿವಿಗೆ ಇಟ್ರ ಡಾಕ್ಟರ್ ಎದಿ ನೋಡಿದಂಗ ಕೇಳ್ತೈತಿ, ಆದ್ರ ಹೆಗಲ ಮ್ಯಾಲಿನ ಟವೆಲ್ ತಗದಿಟ್ಟು ಬಗ್ರಿ, ಫ್ಯಾನಿಗೆ ಸಿಕ್ಕು ಕುತ್ತಿಗಿ ಎಳದದ್ದು ನೋಡೀನಿ. ಗೇರ್ ಲಿವರ್ ಬುಡದ ರಬ್ಬರ್ ಹರದಿದ್ರೂ ಒಂದು ಸಲ ನೋಡ್ರಿ, ಮೊದ್ಲಿಂದ ಇದ್ದ ಸಣ್ಣ ಸಪ್ಪಳನ ಆ ತೂತಿನ್ಯಾಗಿಂದ ಜೋರ್ ಕೇಳ್ತಿರ್ತೈತಿ.

ಇನ್ನ ಎಣ್ಣಿ. ಇದನ್ನ ಎಲ್ಲಾರೂ ಕಡೀಗೆ ಮಾಡ್ತಾರ, ಮೊದ್ಲ ಮಾಡ್ಬೇಕಾದ್ದು. ಹತ್ತು ಹದಿನೈದು ಕಿಲೋಮೀಟರ್ ಓಡಿಸ್ಕೊಂಡು ಬಂದು ಸಮ ನೆಲದ ಮ್ಯಾಲೆ ನಿಲ್ಲಸ್ರಿ. ಕೆಳಗ ಹೋಗೋದಾದ್ರ ಬರೇ ಜಾಕಿನ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ, ಸ್ಟ್ಯಾಂಡ್ ಕೊಡ್ರಿ, ಗಾಲಿಗೆ ಕಲ್ಲು ಕೊಡ್ರಿ. ಎಣ್ಣಿ ಹಾಕೋ ಪ್ಲಗ್ ಪಕ್ಕದಾಗ ಮ್ಯಾಲೆ ಇರ್ತೈತಿ, ಇಳಿಸೋ ಪ್ಲಗ್ ತಳದಾಗ. ಯಾವಾಗ್ಲೂ ಮ್ಯಾಲಿಂದು ಮೊದ್ಲು ಸಡ್ಲು ಮಾಡ್ರಿ, ಕೆಳಗಿಂದು ಆಮ್ಯಾಲೆ. ಹದಿನೈದು ವರ್ಷ ಬಿಚ್ಚದ ಪ್ಲಗ್ ಜಾಮ್ ಆಗಿರ್ತೈತಿ, ಎಣ್ಣಿ ಎಲ್ಲಾ ಇಳಿಸಿಬಿಟ್ಟು ಆಮ್ಯಾಲೆ ಮ್ಯಾಲಿಂದು ಬರಲಿಲ್ಲಂದ್ರ ಗಾಡಿ ಅಲ್ಲೇ ಕುಂತಂಗ. ಪ್ಲಗ್ ತಗದು ಕಿರುಬೆರಳು ಒಳಗ ಬಾಗಿಸಿ ನೋಡ್ರಿ, ಎಣ್ಣಿ ತೂತಿನ ಕೆಳ ಅಂಚಿಗೆ ತಾಗಿರ್ಬೇಕು. ಬೆರಳಿಗೆ ಹತ್ಲಿಲ್ಲಂದ್ರ ನಿಮ್ಮ ರೋಗದ ಬುಡ ಸಿಕ್ಕಂಗ ಆಯ್ತು.

ಹಳೇ ಎಣ್ಣಿನ ಅಗಲವಾದ ಬೋಗುಣ್ಯಾಗ ಇಳಿಸಿ ಬಿಸಲಾಗ ಇಟ್ಟು ನೋಡ್ರಿ, ಕೈ ಸುಡೋ ಅಷ್ಟು ಬಿಸಿ ಇದ್ದಾಗ ಇಳಿಸಬ್ಯಾಡ್ರಿ. ಡ್ರೇನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ರ ಅದಕ್ಕ ಬೂದಿ ಬಣ್ಣದ ಸಣ್ಣ ಲೇಪ ಅಂಟಿರ್ತೈತಿ, ಕಾಡಗಿ ಹಚ್ಚಿದಂಗ, ಅದು ವಯಸ್ಸಿಂದು, ಹೆದರಬ್ಯಾಡ್ರಿ. ಎಣ್ಣ್ಯಾಗ ಬಂಗಾರದ ಪುಡಿಯಂಗ ಹೊಳದ್ರ ಅದು ಹಿತ್ತಾಳಿ, ಗೇರ್ ಬೀಳೋವಾಗ ವೇಗ ಹೊಂದಿಸೋ ಸಿಂಕ್ರೋ ರಿಂಗಿಂದು, ಆಗ ಗೇರ್ ಹಾಕೋವಾಗ ಕರ್ ಅನ್ನೋದೂ ಇರ್ತೈತಿ. ಉಗುರಿಗೆ ಹತ್ತೋ ಅಂಥ ಚಪ್ಪಟಿ ಚೂರು ಬಂದ್ರ ಬೇರಿಂಗ್ ಸುಲದೈತಿ. ಹಲ್ಲಿನ ತುಂಡ ಬಂತು ಅಂದ್ರ ಇನ್ನ ಓಡಿಸಬ್ಯಾಡ್ರಿ. ಚಾ ಬಣ್ಣಕ್ಕ, ಹಾಲು ಬೆರಸಿದಂಗ ಇದ್ರ ಒಳಗ ನೀರು ಹೊಕ್ಕೈತಿ.

ನೀವು ಸೆಕೆಂಡ್ ಹ್ಯಾಂಡ್ ತಗೊಂಡಿದ್ದಕ್ಕ ಇದೊಂದು ಹೇಳಬೇಕು. ಕೂಗೋ ಗೇರ್ ಬಾಕ್ಸಿಗೆ ಕಟ್ಟಿಗಿ ಪುಡಿ ತುಂಬಿ ಮಾರೋದು ಹಳೇ ಕಾಲದ ಆಟ, ಒಂದೆರಡು ತಿಂಗಳು ಸಪ್ಪಳ ಮುಚ್ಚತೈತಿ, ಆಮ್ಯಾಲೆ ಪುಡಿ ಎಣ್ಣಿ ಕುಡದು ಮುದ್ದಿ ಆಗ್ತೈತಿ, ಬೇರಿಂಗಿಗೆ ಎಣ್ಣಿ ಮುಟ್ಟಂಗಿಲ್ಲ. ನಾನು ಒಂದು ಡಬ್ಬಿ ಬಿಚ್ಚಿದಾಗ ಒಳಗ ಸುಟ್ಟ ಉಪ್ಪಿಟ್ಟು ಇಟ್ಟಂಗಿತ್ತು. ಕೆರಕೊಂಡು ತಗಿಯಾಕ ಅರ್ಧ ದಿನ ಹೋತು. ನಿಮ್ಮದು ಹಂಗ ಅಂತ ಅನ್ನಂಗಿಲ್ಲ, ಇಳಿಸಿದ ಎಣ್ಣಿ ಒಂದು ಬಟ್ಟ್ಯಾಗ ಸೋಸಿ ನೋಡ್ರಿ ಅಷ್ಟ.

ಎಣ್ಣಿ ಯಾಕ ಕಡಿಮಿ ಆತು ಅನ್ನೋದನ್ನ ಬಿಟ್ಟು ಬರೇ ತುಂಬಿಸಿದ್ರ ಮತ್ತ ಅದ ಆಗ್ತೈತಿ. ಬಾಳಷ್ಟು ಗೇರ್ ಬಾಕ್ಸ್ ತಲಿ ಮ್ಯಾಲೆ ಸಣ್ಣ ಟೊಪ್ಪಿಗಿ ಇರ್ತೈತಿ, ಬ್ರೀದರ್ ಅಂತೀವಿ, ಒಳಗಿನ ಗಾಳಿ ಬಿಸಿ ಆದಾಗ ಹೊರಗ ಹೋಗಾಕ. ನಮ್ಮ ಕಡೆ ಏನಾಗ್ತೈತಂದ್ರ, ಭತ್ತದ ಗದ್ದಿ ದಾರಿ, ಕಾಲುವಿ ಏರಿ ಮ್ಯಾಲಿನ ಕೆಸರು, ಎರಿ ಮಣ್ಣು, ಸಂಡೂರು ಕಡೆ ಹೋದ್ರ ಆ ಕೆಂಪು ಅದಿರು ಧೂಳು, ಎಲ್ಲಾ ಹೋಗಿ ಅದರ ಮ್ಯಾಲೆ ಕುಂತು ಒಣಗಿ ಕಲ್ಲಾಗ್ತೈತಿ. ಬಾಯಿ ಮುಚ್ಚಿದ ಮ್ಯಾಲೆ ಬ್ಯಾಸಗ್ಯಾಗ, ರಾಯಚೂರು ಬಳ್ಳಾರಿ ಬಿಸಲು 40 ಡಿಗ್ರಿ ದಾಟಿದಾಗ, ಒಳಗಿನ ಗಾಳಿ ಹಿಗ್ಗಿ ದಾರಿ ಹುಡುಕಿ ಆಯಿಲ್ ಸೀಲ್ ತುಟಿ ಎಬ್ಬಿಸಿ ಎಣ್ಣಿ ಹೊರಗ ದಬ್ತೈತಿ. ದಿನಾ ಒಂದೊಂದು ಹನಿ. ನೆಲದ ಮ್ಯಾಲೆ ಕಲಿ ಸುದ್ದ ಕಾಣಂಗಿಲ್ಲ, ಧೂಳು ಕುಡದಿರ್ತೈತಿ. ಮಂದಿ ಸೀಲ್ ಬದ್ಲಿ ಮಾಡ್ತಾರ, ಬ್ರೀದರ್ ನೋಡಂಗಿಲ್ಲ, ಹೊಸಾ ಸೀಲೂ ಆರು ತಿಂಗಳಿಗೆ ಸೋರ್ತೈತಿ, ಆಮ್ಯಾಲೆ ಸೀಲ್ ಡೂಪ್ಲಿಕೇಟ್ ಅಂತ ಅಂಗಡ್ಯಾವನ ಜೊತಿ ಜಗಳ. ಟೊಪ್ಪಿಗಿ ಕೈಲೇ ಹಿಡದು ತಿರುಗಿಸಿ ನೋಡ್ರಿ, ಲೂಸ್ ಆಡ್ಬೇಕು. ಡೀಸೆಲ್‌ನಾಗ ತೊಳದು ಊದ್ರಿ. ಹಳ್ಳದ ನೀರಾಗ ಗಾಡಿ ಇಳಿಸೋದಿದ್ರ ಇನ್ನೊಂದು ಸಲ ನೋಡ್ಬೇಕು, ಬಿಸಿ ಡಬ್ಬಿ ತಣ್ಣನೆ ನೀರಿಗೆ ಇಳದ್ರ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಗ ಎಳಕೊಳ್ತೈತಿ.

ಈಗ ಮಾವನ ದಪ್ಪ ಎಣ್ಣಿ. ಎಣ್ಣಿ ದಪ್ಪ ಇದ್ರ ಹಲ್ಲಿನ ನಡುವ ಹಾಸಿಗಿಯಂಗ ಕುಂತು ಸಪ್ಪಳ ತಗ್ಗತೈತಿ, ಅದಕ್ಕ ಮಾವನ ಮಾತು ಅರ್ಧ ಖರೇ ಅಂದದ್ದು. ಆದ್ರ ಬೆಳಗ್ಗೆ ತಣ್ಣಗಿದ್ದಾಗ ಗೇರ್ ಬೀಳಂಗಿಲ್ಲ, ಸಿಂಕ್ರೋ ರಿಂಗ್ ಎಣ್ಣಿ ಸರಿಸಾಕ ಒದ್ದಾಡ್ತೈತಿ, ಸಣ್ಣ ಬೇರಿಂಗ್ ಸಂದಿನ್ಯಾಗ ಎಣ್ಣಿ ಹೋಗೋದೂ ತಡ. ರೋಗ ಒಳಗ ಬೆಳೀತಿರ್ತೈತಿ, ನಿಮಗ ಕೇಳಂಗಿಲ್ಲ. ಗಾಡಿ ಜೊತಿ ಬಂದ ಪುಸ್ತಕದಾಗ ಯಾವ ಗ್ರೇಡ್ ಬರದಾರೋ ಅದ ಹಾಕ್ರಿ. ಗೇರ್ ಆಯಿಲ್ ನಂಬರು ಎಂಜಿನ್ ಆಯಿಲ್ ನಂಬರು ಒಂದ ಅಳತಿ ಅಲ್ಲ, 90ರ ಗೇರ್ ಆಯಿಲ್ ಅಂದ್ರ ದಪ್ಪದಾಗ ಎಂಜಿನ್ನಿನ 40-50ರ ಆಸುಪಾಸಿಂದ, ಬರೇ ನಂಬರ್ ನೋಡಿ ಹೌಹಾರಬ್ಯಾಡ್ರಿ. ಅದಕ್ಕಿಂತ ಮುಖ್ಯ ಎಣ್ಣಿ ಡಬ್ಬಿ ಮ್ಯಾಲಿನ ಜಿಎಲ್-4, ಜಿಎಲ್-5 ಅನ್ನೋ ದರ್ಜಿ. ಕ್ರೌನ್ ಪಿನಿಯನ್ ಇರೋ ಹಿಂದಿನ ಆಕ್ಸಲ್ ಹೌಸಿಂಗಿಗೆ ಜಿಎಲ್-5 ಹಾಕೋದು, ಅಲ್ಲಿ ಹಲ್ಲು ಒಂದರ ಮ್ಯಾಲೊಂದು ಜಾರಿ ತಿಕ್ಕೋದು ಜಾಸ್ತಿ. ಅದ ಕ್ಯಾನ್ ಮಿಕ್ಕೈತಿ ಅಂತ ಗೇರ್ ಬಾಕ್ಸಿಗೂ ಸುರೀತಾರ. ಹಿತ್ತಾಳಿ ಸಿಂಕ್ರೋ ಇರೋ ಹಳೇ ಗೇರ್ ಬಾಕ್ಸ್‌ಗೆ ಪುಸ್ತಕ ಜಿಎಲ್-4 ಅಂದಿದ್ರ ಜಿಎಲ್-4 ಹಾಕ್ರಿ. ಜಿಎಲ್-5ರಾಗ ಗಂಧಕದ ಮಸಾಲಿ ಜಾಸ್ತಿ, ಕೆಲವು ಎಣ್ಣಿ ಹಿತ್ತಾಳಿನ ತಿಂತಾವ, ರಿಂಗೂ ಹಿಡಿಯಂಗಿಲ್ಲ.

ಸರಿಯಾದ ಎಣ್ಣಿ ಹಾಕಿ ನೂರಿನ್ನೂರು ಕಿಲೋಮೀಟರ್ ಓಡಿಸಿ ನೋಡ್ರಿ. ಸಪ್ಪಳ ಅರ್ಧಕ್ಕಿಂತ ತಗ್ಗಿ ಮ್ಯಾಗ್ನೆಟ್ ಸ್ವಚ್ಛ ಇದ್ರ ನಾನಾದ್ರ ಬಿಚ್ಚಂಗಿಲ್ಲ, ತಿಂಗಳಿಗೊಮ್ಮೆ ಲೆವೆಲ್ ನೋಡ್ಕೊಂಡು ಓಡಿಸ್ತೀನಿ. ತಗ್ಗಲಿಲ್ಲ, ಚೂರೂ ಬಂದಾವ ಅಂದ್ರ ಇಳಿಸಲೇಬೇಕು. ಬೇರಿಂಗ್ ರೊಕ್ಕಕ್ಕಿಂತ ಇಳಿಸಿ ಏರಿಸೋ ಕೂಲಿನ ದೊಡ್ಡದಾಗ್ತೈತಿ, ಅದಕ್ಕ ಒಂದ ಬೇರಿಂಗ್ ಹಾಕಿ ಮುಚ್ಚೋದು ಜಾಣತನ ಅಲ್ಲ. ಕ್ಲಚ್ ಶಾಫ್ಟಿಂದು, ಲೇ ಶಾಫ್ಟಿಂದು ಎರಡೂ ಕಡೆ, ಮೇನ್ ಶಾಫ್ಟಿಂದು, ಕ್ಲಚ್ ಶಾಫ್ಟ್ ಒಳಗಿನ ಸಣ್ಣ ಸೂಜಿ ಬೇರಿಂಗು, ಎಲ್ಲಾ ಸೀಲು, ಕೈಗೆ ಸಿಕ್ಕಾಗ ಎಲ್ಲಾನೂ ಹಾಕಿಸ್ರಿ. ರಿಲೀಸ್ ಬೇರಿಂಗೂ ಎಂಜಿನ್ ಹಿಂದಿನ ಸೀಲೂ ಆವತ್ತ ಮುಗಿಸ್ರಿ. ಇಳಿಸೋವಾಗ ಏರಿಸೋವಾಗ ಡಬ್ಬಿ ಭಾರ ಕ್ಲಚ್ ಶಾಫ್ಟಿನ ಮ್ಯಾಲೆ ಜೋತು ಬೀಳಬಾರ್ದು, ಪ್ಲೇಟಿನ ನಡು ಭಾಗ ಸೊಟ್ಟ ಆಗಿ ಆಮ್ಯಾಲೆ ಕ್ಲಚ್ ನಡುಗ್ತೈತಿ.

ಬೇರಿಂಗ್ ತಗೊಳ್ಳೋವಾಗ ಹಳೇದನ್ನ ಕೈಯಾಗ ಹಿಡ್ಕೊಂಡ ಹೋಗ್ರಿ, ಅಂಚಿನ ಮ್ಯಾಲೆ ನಂಬರ್ ಇರ್ತೈತಿ. 6306 ಅಂತ ಇದ್ರ ಕಡೀ ಎರಡು ಅಂಕಿಗೆ ಐದರಿಂದ ಗುಣಿಸಿದ್ರ ಒಳಗಿನ ತೂತು 30 ಮಿಲಿಮೀಟರ್ ಅಂತ ಗೊತ್ತಾಗ್ತೈತಿ. 6206ಕ್ಕೂ ಒಳತೂತು 30, ಆದ್ರ ಹೊರಗಿನ ಅಳತಿ 6306ಕ್ಕ 72, 6206ಕ್ಕ 62, ಒಂದರ ಬದ್ಲಿ ಒಂದು ಕೂಡಂಗಿಲ್ಲ. ನಂಬರಿನ ಹಿಂದ ಸಿ3 ಅಂತ ಇದ್ರ ಅದನ್ನೂ ಕೇಳಿ ತಗೋರಿ, ಒಳಗಿನ ಸಡಿಲು ಸ್ವಲ್ಪ ಜಾಸ್ತಿ ಇಟ್ಟು ಮಾಡಿದ್ದು ಅದು, ಬಿಸಿ ಆದಾಗ ಬಿಗಿಬಾರ್ದಂತ. ಕೂರಿಸೋವಾಗ ಸುತ್ತಿಗಿಲೇ ಬಡದ್ರ ಹೊಸಾದಕ್ಕ ಅವತ್ತ ಗಾಯ. ಪ್ರೆಸ್‌ನಾಗ ಹಾಕ್ಲಿ, ಶಾಫ್ಟಿಗೆ ಏರಿಸೋವಾಗ ಒಳಗಿನ ಬಳಿ ಮ್ಯಾಲೆ ಒತ್ಬೇಕು, ಹೊರಗಿನ ಬಳಿ ಹಿಡದು ಒತ್ತಿದ್ರ ಜೋರು ಗುಂಡುಗಳ ಮ್ಯಾಲೆ ಬೀಳ್ತೈತಿ. ಎಣ್ಣ್ಯಾಗ 100 ಡಿಗ್ರಿ ತನಕ ಕಾಸಿ ಇಟ್ರ ತಾನ ಜಾರಿ ಕುಂದರ್ತೈತಿ, ಗ್ಯಾಸ್ ಕಟ್ಟರ್ ಬೆಂಕಿ ಮಾತ್ರ ತೋರಿಸಬಾರ್ದು. ನಿಮ್ಮದ್ರಾಗ ಗುಂಡಿನ ಬದ್ಲಿ ಓರೆ ರೋಲರ್ ಇರೋ ಟೇಪರ್ ಬೇರಿಂಗ್ ಇದ್ರ, ಅದರ ಬಿಗಿ ಹೊಂದಿಸೋ ತೆಳು ತಗಡು, ಶಿಮ್, ಅದರ ಅಳತಿ ಮಾಡೋ ಡಯಲ್ ಗೇಜ್ ಇರೋ ಮಿಸ್ತ್ರಿ ಹತ್ರ ಹೋಗ್ರಿ, "ಕೈ ಅಂದಾಜು" ಅನ್ನವ್ರ ಹತ್ರ ಬ್ಯಾಡ. ಬಿಗಿ ಆದ್ರ ಸುಡ್ತೈತಿ, ಸಡ್ಲಾದ್ರ ಮತ್ತ ಕೂಗ್ತೈತಿ.

ಹಲ್ಲಿನ ಮ್ಯಾಲೆ ತೂತು ಬಿದ್ದಿದ್ರ ಜೋಡಿನ ಬದ್ಲಿ ಮಾಡ್ಬೇಕು, ಹೊಸಾದಕ್ಕ ಹಳೇದು ಕೂಡಿಸಿದ್ರ ಎರಡೂ ಜಗಳಾಡ್ತಾವ. ತೂತಿಲ್ಲ, ಬರೇ ನುಣುಪಾಗಿ ಸವದಾವ ಅಂದ್ರ ಹಂಗ ಬಿಡಬಹುದು, ಆದ್ರ ಹೊಸಾ ಬೇರಿಂಗ್ ಬಂದು ಶಾಫ್ಟ್ ತನ್ನ ಮೊದಲಿನ ಜಾಗಕ್ಕ ಹೋದ ಮ್ಯಾಲೆ ಸವದ ಹಲ್ಲು ಬ್ಯಾರೆ ಕಡೆ ತಾಗಿ ಸಣ್ಣ ಕುಂಯ್ ಉಳಿಬಹುದು. ಇದನ್ನ ನಾನು ಗಿರಾಕಿಗೆ ಮೊದ್ಲ ಹೇಳಿಬಿಡ್ತೀನಿ, ಆಮ್ಯಾಲೆ ಹೇಳಿದ್ರ ನೆವ ಅಂತಾರ. ಗುಜರಿ ಗೇರ್ ಬಾಕ್ಸ್ ತಂದು ಹಾಕೋದು ಹಲ್ಲು ಮುರದಾಗ, ಡಬ್ಬಿ ಒಡದಾಗ ಸರಿ, ಆದ್ರ ಅದರ ಒಳಗಿನ ಬೇರಿಂಗೂ ನಿಮ್ಮದರಷ್ಟ ಮುದಿ ಇರ್ತಾವ ಅನ್ನೋದು ನೆನಪಿರ್ಲಿ.

ಎಷ್ಟು ದಿನ ಓಡಿಸಬಹುದು ಅಂದ್ರ, ಎಣ್ಣಿ ಲೆವೆಲ್ ನೋಡದ ಒಂದು ದಿನಾನೂ ಬ್ಯಾಡ. ಲೆವೆಲ್ ಸರಿ ಇದ್ದು ಬರೇ ಕುಂಯ್ ಇದ್ರ ಸುಗ್ಗಿ ಮುಗಿಯೋ ತನಕ ತಳ್ಳಬಹುದು, ಆದ್ರ 75 ಕಿಲೋ ಭತ್ತದ ಚೀಲ ಹತ್ತು ಹೇರಿ ಗಂಗಾವತಿ ಮಿಲ್ಲಿಗೆ ಎರಡನೇ ಗೇರ್‌ನಾಗ ಎಳಿಯೋದು ಬ್ಯಾಡ್ರಿ, ಭಾರ ಬಿದ್ದಷ್ಟೂ ಲೇ ಶಾಫ್ಟ್ ಸಾಯ್ತೈತಿ. ಕುಂಯ್ ಹೋಗಿ ಗರ್ ಆತು, ಇಲ್ಲಾ ಕಟಕಟ ಬಂತು, ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನ ಹೊರಗ ಜಿಗೀತು ಅಂದ್ರ ಅಲ್ಲೇ ಬದಿಗೆ ಹಚ್ಚಿ ನಿಲ್ಲಸ್ರಿ, ಒಳಗ ಜಾಮ್ ಆದ್ರ ಹಿಂದಿನ ಗಾಲಿ ಒಮ್ಮೆಲೆ ಹಿಡಕೊಂಡುಬಿಡ್ತಾವ. ಅಲ್ಲಿಂದ ಎಳಸ್ಕೊಂಡು ಬರೋದಾದ್ರೂ ಒಂದು ಮಾತು. ನ್ಯೂಟ್ರಲ್ ಐತಲ್ಲ ಅಂತ ಹಗ್ಗ ಕಟ್ಟಿ ಹತ್ತಿಪ್ಪತ್ತು ಕಿಲೋಮೀಟರ್ ಎಳೀತಾರ, ಆಗ ಗಾಲಿ ಜೊತಿ ಮೇನ್ ಶಾಫ್ಟ್ ತಿರುಗ್ತೈತಿ, ಎಣ್ಣಿ ಮ್ಯಾಲಕ್ಕ ಚಿಮ್ಮಿಸೋ ಲೇ ಶಾಫ್ಟ್ ಮಾತ್ರ ಸುಮ್ನ ನಿಂತಿರ್ತೈತಿ, ಮ್ಯಾಲಿನ ಬೇರಿಂಗ್‌ಗಳು ಒಣಾ ಒಣಾ ಓಡ್ತಾವ. ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್ಲಿಗೆ ಹೋಗೋ ಉದ್ದನೆ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟನ್ನ ಮ್ಯಾಲಕ್ಕ ತಂತ್ಯಾಗ ಬಿಗಿಯಾಗಿ ಕಟ್ಟಿ ಆಮ್ಯಾಲೆ ಎಳಸ್ರಿ. ಬಿಚ್ಚೋಕಿಂತ ಮೊದ್ಲು ಎರಡೂ ಕಡಿ ಸುಣ್ಣದ್ಲೇ ಒಂದು ಗೆರಿ ಹಾಕ್ಕೊಂಡಿರ್ರಿ, ಹೊಳ್ಳಿ ಕೂಡಿಸೋವಾಗ ಅದ ಜಾಗಕ್ಕ ಕೂಡ್ಬೇಕು, ಇಲ್ಲಂದ್ರ ಕುಂಯ್ ಹೋಗಿ ನಡುಕ ಬಂತು ಅಂತ ಮುಂದಿನ ತಿಂಗಳು ಮತ್ತ ಬರೀತೀರಿ.